ಕರೆಗಂಟೆಯೊಳಗಿನ ದನಿ

ಬಸ್ರಾದ ನಮ್ಮ ಗಲ್ಲಿಯ ಮಕ್ಕಳಿಗೆ ಫಾಖಿರನ ಮನೆಯ ಕರೆಗಂಟೆ ಒತ್ತುವುದೆಂದರೆ ಬಲು ಇಷ್ಟ. ಒತ್ತಿದರೆ ಅವನ ತಾಯಿಯ ದನಿ ಕೇಳುತ್ತಿತ್ತು: "ಬಂದೇ, ಬಂದೇ, ಬಾಗಿಲು ಮುರೀಬೇಡ್ರೋ!" ದನಿ ತುಂಬಿಸಿಡಬಹುದಾದ ಅಗ್ಗದ ಗಂಟೆ ಅದು. ಮಂಡಿನೋವಿನಿಂದ ಬೇಗ ಏಳಲಾಗದ ಆಕೆ, ಬಂದವರು ಕಾಯಲಾರದೆ ಹೊರಟುಹೋಗದಿರಲೆಂದು ತಾನೇ ಹಾಗೆ ಮಾತಾಡಿಟ್ಟಿದ್ದಳು.

ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಗಂಟೆ ಮಾತ್ರ ಕೂಗುತ್ತಲೇ ಇತ್ತು. ಆಕೆಯ ದನಿ ಬೇರೆಲ್ಲೂ ಉಳಿದಿರಲಿಲ್ಲ, ಒಂದು ಫೋನಿನಲ್ಲೂ ಇರಲಿಲ್ಲ. ಬೇಸಿಗೆಯ ಒಂದು ದಿನ ಗಂಟೆಯೂ ಸುಮ್ಮನಾಯಿತು. ಒತ್ತಿದರೆ ಟಿಕ್ ಎಂಬ ಸದ್ದಷ್ಟೇ ಬರುತ್ತಿತ್ತು.

ಫಾಖಿರ್ ಮನೆಯಲ್ಲೇ ಕುಳಿತು ಬಟ್ಟೆ ಒಗೆಯುವ ಯಂತ್ರಗಳ ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡುವವನು. ಆ ಕೆಲಸಕ್ಕೆಂದೇ ಒಂದು ಲಾಜಿಕ್ ಅನಲೈಸರನ್ನು ತಾನೇ ಕಟ್ಟಿಕೊಂಡಿದ್ದ. ಕಂಪ್ಯೂಟರಿಗೆ ಜೋಡಿಸುವ ಆ ಪುಟ್ಟ ಪೆಟ್ಟಿಗೆ, ಯಾವ ತಂತಿಯಲ್ಲಿ ಸಂಕೇತ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ತೋರಿಸುತ್ತಿತ್ತು. ಅದನ್ನೇ ಗಂಟೆಗೂ ಹಚ್ಚಿದ. ಗುಂಡಿ ಒತ್ತಿದ ಸುದ್ದಿ ಚಿಪ್‌ಗೆ ಮುಟ್ಟುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಚಿಪ್ "ಮುಗಿಯಿತು" ಎಂಬ ಸಂಕೇತವನ್ನೂ ಕೊಡುತ್ತಿತ್ತು. ಅಂದರೆ ದನಿ ಒಳಗೆ ಇನ್ನೂ ಇದ್ದಿರಬೇಕು, ಹೊರಗೆ ಬರುವ ದಾರಿಯಷ್ಟೇ ಕೆಟ್ಟಿತ್ತು.

ಅಣ್ಣನನ್ನು 'ಖೂಯ' ಎಂದೇ ಕರೆಯುವ ತಂಗಿ ನಿದಾಲ್ ಚಹಾ ತಂದಿಟ್ಟು ಕೇಳಿದಳು, "ಏನನ್ನತ್ತೆ ಖೂಯ, ನಿನ್ನ ಪೆಟ್ಟಿಗೆ?"

"ಅಮ್ಮ ಮಾತಾಡ್ತಿದಾಳೆ ಅನ್ನತ್ತೆ."

"ಏನಂತ ಮಾತಾಡ್ತಿದಾಳೆ?"

"ಅದು ಇದಕ್ಕೆ ಗೊತ್ತಾಗಲ್ಲ."

"ಥೇಟ್ ನಿನ್ನ ಥರಾನೇ. ಇದೆ, ಇಲ್ಲ, ಎರಡೇ ಮಾತು!"

ಅವಳು ಹೇಳಿದ್ದು ನಿಜವೇ. ದನಿಯೆಂದರೆ ಇದೆ, ಇಲ್ಲಗಳ ನಡುವೆ ಏರಿ ಇಳಿಯುವಂಥದ್ದು. ಅದು ಕಾಣಬೇಕಾದರೆ ಅಲೆಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಫಾಖಿರ್ ಹಳೆಯ ಸಾಮಾನಿನ ಸಂತೆಯಲ್ಲಿ ಅಲೆದು, ಏರಿಳಿತವನ್ನು ಅಳೆಯುವ ಚಿಪ್ ಒಂದನ್ನು ಹುಡುಕಿ ತಂದು ಪೆಟ್ಟಿಗೆಯೊಳಗೆ ಕೂರಿಸಿದ. ಪೆಟ್ಟಿಗೆಯ ನೆನಪು ಚಿಕ್ಕದು, ಅಲೆಯ ಒಂದು ತುಣುಕನ್ನು ಮಾತ್ರ ಹಿಡಿದಿಡಬಲ್ಲದು. ಅಷ್ಟು ಸಾಕಿತ್ತು. ಅಲೆ ಎಷ್ಟು ಎತ್ತರವಿದೆ ಎಂದು ತಿಳಿದರೆ, ಗಂಟೆಯ ಚಿಪ್‌ಗೆ ಅಪಾಯವಾಗದಂತೆ ತಂತಿ ಎಳೆದು ಪೂರ್ತಿ ಮಾತನ್ನು ಕಂಪ್ಯೂಟರಿನಲ್ಲಿ ತುಂಬಿಸಿಕೊಳ್ಳಬಹುದಿತ್ತು.

ನಮ್ಮೂರಿನ ಉಪ್ಪುಗಾಳಿಗೆ ಗಂಟೆಯ ಬೋರ್ಡ್ ತುಕ್ಕು ಹಿಡಿದಿತ್ತು. ಬಿಚ್ಚಿದರೆ ಮುರಿದೀತೆಂದು ಗೋಡೆಯ ಮೇಲೇ ಬಿಟ್ಟು ಕೆಲಸಕ್ಕಿಳಿದ. ಗಂಟೆಗೆ ಮನೆಯ ಕರೆಂಟು ನೇರವಾಗಿ ಬರುತ್ತಿತ್ತು. ಆಗ ಸರ್ಕಾರಿ ಕರೆಂಟು ಇರಲಿಲ್ಲ, ಮನೆ ಗಲ್ಲಿಯ ಜನರೇಟರಿನ ಮೇಲೆ ನಡೆಯುತ್ತಿತ್ತು. ಟೆಸ್ಟರ್ ಮುಟ್ಟಿಸಿ, ಬೋರ್ಡಿನ ಯಾವ ಬದಿಯಲ್ಲಿ ಕರೆಂಟಿಲ್ಲ ಎಂದು ನೋಡಿದ. ಮತ್ತೊಮ್ಮೆ ನೋಡಿದ. ಕರೆಂಟಿರುವ ಬದಿಗೆ ಕಚ್ಚಿಸಿದರೆ ಎಲ್ಲ ಸುಟ್ಟೀತು. ಆ ಬದಿಗೆ ಪೆಟ್ಟಿಗೆಯ ಕ್ಲಿಪ್ ಕಚ್ಚಿಸಿದ.

"ಒತ್ತು," ಎಂದ.

ನಿದಾಲ್ ಹೊರಗೆ ಹೋಗಿ ಗುಂಡಿ ಒತ್ತಿದಳು. ಕಂಪ್ಯೂಟರಿನ ಪರದೆಯ ಮೇಲೆ ನೇರವಾಗಿದ್ದ ಗೆರೆ ಎದ್ದಿತು, ಬಾಗಿತು, ನಡುಗಿತು. ಅವಳು ಓಡಿಬಂದಳು. "ಯುಮ್ಮಾ! ಇದು ಅಮ್ಮನಾ? ತಡಿ, ತಡಿ, ಅಳಿಸ್ಬೇಡ," ಎಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಳು. ಫಾಖಿರ್ ಪರದೆಯ ಹತ್ತಿರಕ್ಕೆ ಬಾಗಿದ.

ಅಷ್ಟರಲ್ಲಿ ಹೊರಗೆ ಗಲ್ಲಿಯೆಲ್ಲ ಕೂಗಿತು: "ಸರ್ಕಾರಿ ಕರೆಂಟು ಬಂತು!"

ಈ ಕೂಗು ಕೇಳಿದರೆ ಇಲ್ಲಿ ಯಾರೂ ಯೋಚಿಸುವುದಿಲ್ಲ. ಜನರೇಟರಿನ ಕರೆಂಟು ದೀಪಕ್ಕೂ ಫ್ಯಾನಿಗೂ ಸಾಲುವಷ್ಟೇ. ಫ್ರಿಜ್ಜು, ಎಸಿ ನಡೆಯುವುದು ಸರ್ಕಾರಿ ಲೈನಿನಲ್ಲಿ, ಅದು ಮತ್ತೆ ಯಾವಾಗ ಹೋಗುತ್ತದೋ ಹೇಳಲಾಗದು. ಕೂಗು ಬಿದ್ದ ಕೂಡಲೇ ಕೈ ತಾನಾಗಿ ಬಾಗಿಲ ಪಕ್ಕದ, ಮನೆಯನ್ನು ಜನರೇಟರಿನಿಂದ ಸರ್ಕಾರಿ ಲೈನಿಗೆ ಬದಲಿಸುವ ದೊಡ್ಡ ಸ್ವಿಚ್ಚಿಗೆ ಹೋಗುತ್ತದೆ. ಫಾಖಿರ್ ಕಣ್ಣನ್ನು ಪರದೆಯ ಮೇಲೆ ಇಟ್ಟುಕೊಂಡೇ ಎದ್ದ, ಸ್ವಿಚ್ಚನ್ನು ಆ ಕಡೆಗೆ ಹೊರಳಿಸಿದ.

ಆ ಲೈನಿನಲ್ಲಿ, ಜನರೇಟರಿನದಕ್ಕೆ ವಿರುದ್ಧವಾಗಿ, ತಂತಿಗಳು ಅದಲುಬದಲಾಗಿದ್ದವು. ಕ್ಲಿಪ್ ಕಚ್ಚಿದ್ದ ಬದಿಗೇ ಕರೆಂಟು ಬಂತು. ಚಟಾರ್ ಎಂದಿತು. ಗಂಟೆಯಿಂದ ಹೊಗೆ ಎದ್ದಿತು, ಪೆಟ್ಟಿಗೆಯೂ ಸುಟ್ಟ ನಾತ ಬಿಟ್ಟಿತು.

ಎದುರುಮನೆಯ ಅಬು ಸಜ್ಜಾದ್ ಸದ್ದು ಕೇಳಿ ಬಂದ. "ಏನಪ್ಪಾ ಫಾಖಿರ್, ಮನೇಗೆ ಬೆಂಕಿ ಇಡ್ತೀಯಾ?" ಎಂದು ನಗುತ್ತಾ ಒಳಗೆ ಕಾಲಿಟ್ಟವನು, ಅಣ್ಣ ತಂಗಿಯ ಮುಖ ನೋಡಿ ನಗು ನಿಲ್ಲಿಸಿದ. ಗೋಡೆಯತ್ತ ನೋಡಿದ. "ಇನ್ನೊಂದು ಗಂಟೆ ತಂದ್ರಾಯ್ತು ಬಿಡು," ಎಂದ. ಹೇಳಿದ ಮೇಲೆ ಅವನಿಗೇ ಮುಜುಗರವಾಗಿರಬೇಕು, ಮೆಲ್ಲಗೆ ಹೊರಟುಹೋದ.

ಗಂಟೆಯ ಚಿಪ್ ಒಡೆದು ಎರಡಾಗಿತ್ತು. ಫಾಖಿರ್ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತ.

ನಿದಾಲ್ ಮೊಬೈಲಿನ ಚಿತ್ರವನ್ನು ಹಿಗ್ಗಿಸಿ ಅವನ ಮುಂದೆ ಹಿಡಿದಳು. "ಇದು ಯಾವ ಮಾತು ಖೂಯ? 'ಬಂದೇ' ಅನ್ನೋದಾ, 'ಬಾಗಿಲು' ಅನ್ನೋದಾ?"

"ಗೊತ್ತಾಗಲ್ಲ. ಒಂದು ಚೂರು ಅಷ್ಟೇ ಇದು."

"ನಾನು ಹೇಳ್ತೀನಿ, ನೀನು ಗೆರೆ ನೋಡ್ತಾ ಇರು. ಬಂದೇ, ಬಂದೇ..."

"ಅಮ್ಮ ಹಾಗನ್ನಲ್ಲ. ಕೊನೇಲಿ ಎಳೀತಾಳೆ. ಬಂದೇ..."

"ಎಳೆಯೋದು ಮೊದಲ್ನೇದನ್ನ. ಎರಡನೇದು ಗದರಿಸಿದ ಹಾಗಿರತ್ತೆ."

"ಇಲ್ಲ ನಿದಾಲ್. ಎರಡನೇದನ್ನೇ."

ಇಬ್ಬರೂ ಮತ್ತೆ ಹೇಳಿ ನೋಡಿದರು. ಮೊದಲು ಅವಳು, ಆಮೇಲೆ ಅವನು. ಎರಡೂ ಸರಿಯೆನಿಸಲಿಲ್ಲ. ಎಸಿ ಜೋರಾಗಿ ಸದ್ದು ಮಾಡುತ್ತಾ ಕೋಣೆಯನ್ನು ತಣ್ಣಗೆ ಮಾಡತೊಡಗಿತ್ತು.