ಹಸಿರು ಚುಕ್ಕಿಯ ಬೋರ್‌ವೆಲ್

ಗ್ಯಾಸ್ಟ್ರಿಕ್ ಇರಬಹುದು. ಜಾಂಡೀಸ್, ಇಲಿಜ್ವರ, ಪಿತ್ತಕೋಶದ ಕಲ್ಲು ಇರಬಹುದು. ಸಕಲೇಶಪುರಕ್ಕೆ ಹೋದರೆ ಸ್ಕ್ಯಾನಿಂಗ್ ಮೆಷಿನ್ ಕೆಟ್ಟಿರಬಹುದು, ರಕ್ತದ ಟ್ಯೂಬ್ ಅದಲುಬದಲಾಗಬಹುದು. ಹೆಂಡತಿ ಲಲಿತಾ ಮೂರನೆಯ ದಿನವೂ ಅನ್ನ ಕಂಡು ಓಕರಿಸಿದಾಗ ನಾನು ಕೂತು ಮಾಡಿದ ಪಟ್ಟಿ ಇದು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಪಾಳ್ಯ ಹೋಬಳಿಯಲ್ಲಿಲ್ಲ. ಆದರೂ ಪಟ್ಟಿಯಲ್ಲಿ ನೀರು ಇರಲಿಲ್ಲ.

ಸಕಲೇಶಪುರದಲ್ಲಿ ಡಾಕ್ಟರ್ ರಿಪೋರ್ಟ್ ನೋಡಿದರು. "ಲಿವರ್ ಸ್ವಲ್ಪ ಏಟು ತಿಂದಿದೆ. ಕುಡಿಯೋ ನೀರು ಎಲ್ಲೀದು?"

"ಬೋರ್‌ದು ಸಾರ್. ಟೆಸ್ಟ್ ಆಗೈತೆ. ಮ್ಯಾಪಲ್ಲಿ ನಮ್ದು ಹಸಿರು ಚುಕ್ಕಿ," ಎಂದಳು ಲಲಿತಾ, ಆ ಸುಸ್ತಿನಲ್ಲೂ ಹೆಮ್ಮೆಯಿಂದ.

ಆ ಟೆಸ್ಟಿಗೆ ಬಾಟಲಿ ತುಂಬಿಸಿಟ್ಟವನು ನಾನು.

ನಮ್ಮ ಬೇಲಿಯಾಚೆ ಕಾಫಿ ಎಸ್ಟೇಟಿನ ಗುಂಡಿಯಿದೆ. ಗಿಡದ ಕಾಂಡಕೊರಕ ಹುಳಕ್ಕೆ ಹೊಡೆದ ಔಷಧಿಯ ಡಬ್ಬಗಳನ್ನು ವರ್ಷಗಟ್ಟಲೆ ಅಲ್ಲಿಗೇ ಸುರಿದದ್ದು. ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನೇ ಮುಂದೆ ನಿಂತು ಮಣ್ಣು ಮುಚ್ಚಿಸಿದ್ದೆ. ಕಳೆದ ಬೇಸಿಗೆಯಲ್ಲಿ, ಇಂಥ ಗುಂಡಿಗಳ ಸುತ್ತ ಅಂತರ್ಜಲ ಎಲ್ಲೆಲ್ಲಿ ಕೆಟ್ಟಿದೆಯೆಂದು ನಕ್ಷೆ ಮಾಡಲು ಒಬ್ಬ ಹುಡುಗಿ ಬಂದಳು. ಕರೆಂಟ್ ಇರಲಿಲ್ಲ. "ಬಂದ್ಮೇಲೆ ಹತ್ತು ನಿಮಿಷ ಮೋಟರ್ ಓಡಿಸಿ ತುಂಬಿಡಿ ಸಾರ್, ಸಂಜೆ ತಗೊಂಡೋಗ್ತೀನಿ" ಎಂದು ಬಾಟಲಿ ಕೊಟ್ಟುಹೋದಳು.

ಬೋರಿನ ನೀರಿಗೆ ಎಸ್ಟೇಟಿನ ಔಷಧಿ ಸ್ಟೋರಿನ ವಾಸನೆ. ಪಾತ್ರೆ ತೊಳೆಯಲಷ್ಟೇ ಬಳಸುತ್ತಿದ್ದೆವು. ಹೊರಗಿನವರ ಕೈಗೆ ಅಂಥದ್ದನ್ನು ಹೇಗೆ ಕೊಡುವುದು? ಗುಂಡಿಯ ಮಾತೂ ಎದ್ದೀತು. ನೆಂಟರಿಗೆ ಕೊಡುವಂತೆ, ಲಲಿತಾ ಗುಡ್ಡದ ಒರತೆಯಿಂದ ಹೊತ್ತು ತಂದ ಕೊಡದ ನೀರನ್ನೇ ತುಂಬಿಸಿಟ್ಟೆ.

ಕುಡಿಯಲು ಯೋಗ್ಯ ಎಂದು ರಿಪೋರ್ಟ್ ಬಂತು, ನಕ್ಷೆಯಲ್ಲಿ ನಮ್ಮ ಬೋರಿಗೆ ಹಸಿರು ಚುಕ್ಕಿ ಬಿತ್ತು. ಮಂಡಿನೋವಿನ ಲಲಿತಾ ಅದನ್ನು ನಂಬಿ ಒರತೆಗೆ ಹೋಗುವುದನ್ನು ಬಿಟ್ಟು, ವಾಸನೆಯಿದ್ದರೂ ಬೋರಿನ ನೀರನ್ನೇ ಕುಡಿಯತೊಡಗಿದಳು. ಆಗಲಾದರೂ ಹೇಳಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ, ನಾನೇ ಸುಳ್ಳು ಹೇಳಿಸಿದ ಆ ಕಾಗದವನ್ನು ಕೊನೆಗೆ ನಾನೂ ನಂಬಿದೆ. ಅದೇ ನೀರು ಕುಡಿದೆ. ನನಗೇನೂ ಆಗಲಿಲ್ಲ, ಅದೂ ಒಂದು ನಾಚಿಕೆ.

ಡಾಕ್ಟರೆದುರೇ ಎಲ್ಲ ಹೇಳಿದೆ.

ಲಲಿತಾ ಗೋಡೆ ನೋಡುತ್ತಿದ್ದಳು. "ಬಾಟ್ಲಿಗೆ ಒರತೆ ನೀರು. ನಂಗೆ ಬೋರ್ ನೀರು. ಚೆನ್ನಾಗೈತೆ ಮಾರಾಯ ನಿನ್ನ ಮರ್ಯಾದೆ."

"ಇದ್ರಿಂದಲೇ ಅಂತ ಈಗ್ಲೇ ಹೇಳಕ್ಕಾಗಲ್ಲ," ಎಂದರು ಡಾಕ್ಟರ್. "ಆ ನೀರು ಮಾತ್ರ ಇವತ್ತೇ ನಿಲ್ಸಿ."

ಹುಡುಗಿಗೆ ಫೋನ್ ಮಾಡಿದೆ. ಈ ಸಲ ಮೋಟರಿನ ಪಕ್ಕ ತಾನೇ ನಿಂತು ತುಂಬಿಸಿಕೊಂಡಳು. ನಮ್ಮ ಚುಕ್ಕಿ ಕೆಂಪಾಯಿತು. ಲಲಿತಾ ಈಗ ಗಂಜಿ ಕುಡಿಯುತ್ತಾಳೆ, ಲಿವರ್ ಸುಧಾರಿಸುತ್ತಿದೆಯಂತೆ. ಕೊಡ ನಾನು ಹೊರುತ್ತೇನೆ. ದಾರಿಯಲ್ಲಿ ಹಳೆಯ ಪಟ್ಟಿ ನೆನಪಾಗುತ್ತದೆ. ಕಲ್ಲು ಇರಲಿಲ್ಲ. ಮೆಷಿನ್ ಕೆಡಲಿಲ್ಲ. ಟ್ಯೂಬ್ ಅದಲುಬದಲಾಗಲಿಲ್ಲ.

ಒಂದು ಬಾಟಲಿ ಮಾತ್ರ ಬೇರೆ ನೀರಿನಿಂದ ತುಂಬಿತ್ತು.