ಹೊಗೆಸೊಪ್ಪಿನ ಸಭೆಗೆ ಮೈಸೂರಿಗೆ ಹೋಗಿಬಂದದ್ದು

ನನಗೆ ಆಗ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು, ಶ್ರಾವಣ. ಬೆಟ್ಟದಪುರದ ಸುತ್ತ ಹೊಗೆಸೊಪ್ಪು ಮುರಿಯುವ ಕಾಲ. ಅಂಥ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಮೈಸೂರಿಗೆ ಹೊರಟೆ ಎಂದರೆ ಊರಲ್ಲಿ ಯಾರೂ ನಂಬಲಿಲ್ಲ.

ಹೊರಟದ್ದು ಮೂವರು. ನಾನು, ಪಕ್ಕದ ಮನೆ ಸಾಕಮ್ಮ, ಮತ್ತು ಶ್ವೇತಾ. ಶ್ವೇತಾ ಕೆ.ಆರ್. ನಗರದ ಕಡೆಯ ಹುಡುಗಿ, ಯೂನಿವರ್ಸಿಟಿಯಲ್ಲಿ ದೊಡ್ಡ ಓದು ಓದುತ್ತಿದ್ದಳು. ಹೊಗೆಸೊಪ್ಪು ಮುರಿಯುವ ಹೆಂಗಸರಿಗೆ ಮೈಗೆ ಏನೇನು ತೊಂದರೆ ಎಂದು ಹಿಂದಿನ ವರ್ಷ ಊರೂರು ತಿರುಗಿ ಕೇಳಿ ಬರೆದುಕೊಂಡಿದ್ದಳು. ಅದನ್ನು ಅಧಿಕಾರಿಗಳ ಮುಂದೆ ಇಡುವ ಸಭೆ ಅದು. ಕೂಲಿ ಮಾಡುವವರೂ ಇಬ್ಬರು ಇರಲಿ ಎಂದು ನಮ್ಮನ್ನು ಕರೆದಿದ್ದಳು.

ನಮ್ಮೂರಿಗೆ ಬಸ್ಸಿಲ್ಲ. ನಾವಿಬ್ಬರೂ ನಡೆದು ಬಂದು, ಬೆಳಿಗ್ಗೆ ಆರೂವರೆಗೆ ಬೆಟ್ಟದಪುರದಲ್ಲಿ ಶ್ವೇತಾಳ ಜೊತೆ ಬಸ್ಸು ಹತ್ತಿದೆವು. ಸೋನೆ ಹಿಡಿದಿತ್ತು, ಬೆಟ್ಟದ ತಲೆ ಕಾಣಿಸುತ್ತಿರಲಿಲ್ಲ. ಆಧಾರ್ ಕಾರ್ಡು ತೋರಿಸಿದೆವು, ಕಂಡಕ್ಟರ್ ದುಡ್ಡಿಲ್ಲದ ಟಿಕೆಟ್ಟು ಹರಿದುಕೊಟ್ಟ. ನಾನು ಕಿಟಕಿ ಹಿಡಿದೆ.

"ಕಿಟ್ಕಿ ನಂಗ್ ಬುಡು ಕಣಕ್ಕ, ನೀನೇನ್ ಮದ್ವೆ ಹೆಣ್ಣಾ?" ಎಂದಳು ಸಾಕಮ್ಮ.

"ಮದ್ವೆಲೂ ನಂಗೆ ಕಿಟ್ಕಿ ಸಿಗ್ನಿಲ್ಲ, ಎತ್ತಿನ್ ಗಾಡೀಲಿ ಕರ್ಕಂಡ್ ಬಂದ್ರು. ಸುಮ್ಕೆ ಕೂತ್ಕೊ" ಎಂದೆ.

ಪಿರಿಯಾಪಟ್ಟಣದಲ್ಲಿ ಇಳಿದು ಇಡ್ಲಿ ತಿಂದೆವು. ಚಟ್ನಿ ನೀರು, ಕಾಫಿ ಚೆನ್ನಾಗಿತ್ತು. ಅಲ್ಲಿಂದ ಹುಣಸೂರಿನ ಬಸ್ಸು. ದಾರಿಯ ಎರಡು ಕಡೆಯೂ ಹೊಗೆಸೊಪ್ಪೇ. ಹೊಲದಲ್ಲಿ ಹೆಂಗಸರು ಸೊಂಟದವರೆಗೆ ಒದ್ದೆಯಾಗಿ ಎಲೆ ಮುರಿಯುತ್ತಿದ್ದರು. ದಿನಾ ನಾನೇ ಮಾಡುವ ಕೆಲಸ, ಓಡುವ ಬಸ್ಸಿನಿಂದ ನೋಡಿದ್ದು ಅದೇ ಮೊದಲು. ಖುಷಿಗೆ ಕಾಲು ಕುಣಿಯುತ್ತಿತ್ತು.

ಹುಣಸೂರು ದಾಟಿದ ಮೇಲೆ ಶ್ವೇತಾ ತನ್ನ ಪುಸ್ತಕ ತೆಗೆದಳು. ಅವಳಿಗೂ ನನ್ನಷ್ಟೇ ಹುರುಪು.

"ಅಜ್ಜಿ, ಒಳ್ಳೇ ಸುದ್ದಿ. ವಾಂತಿ, ತಲೆಸುತ್ತು ನಿಮ್ಮ ಕಡೆ ತೀರಾ ಕಡಿಮೆ ಅಂತ ಬಂದಿದೆ."

"ಅದ್ರಿಂದ ಏನಾಯ್ತದೆ?"

"ಇವತ್ತು ತೀರ್ಮಾನ ಮಾಡ್ತಾರೆ. ಸರ್ಕಾರದ ದುಡ್ಡು ಕೂಲಿಯವರ ಕೈಗವಸು, ಮಳೆ ಕೋಟ್‌ಗೆ ಹೋಗ್ಬೇಕೋ, ಇಲ್ಲ ಮಾಲೀಕರು ಸೊಪ್ಪು ಒಣಗ್ಸೋ ಬ್ಯಾರನ್ ರಿಪೇರಿ ಮಾಡ್ಸೋಕೋ ಅಂತ. ತೊಂದ್ರೆ ಕಡಿಮೆ ಇದ್ರೆ ಬ್ಯಾರನ್‌ಗೆ ಹೋಗುತ್ತೆ."

ನನ್ನ ಕುಣಿಯುವ ಕಾಲು ನಿಂತಿತು. ಒದ್ದೆ ಎಲೆಯ ನೀರು ಮೈಗಿಳಿದರೆ ಹೊಟ್ಟೆ ತೊಳಸುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬದುವಿನ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಸಾಲಿಗೆ ಬರುತ್ತೇವೆ. ಮೇಸ್ತ್ರಿ ಕಂಡರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲ. ಶ್ವೇತಾ ಕೇಳಿದಾಗ ನಾವೆಲ್ಲ "ಇಲ್ಲ ಕಣವ್ವ, ಗಟ್ಟಿ ಜೀವ ನಮ್ದು" ಎಂದಿದ್ದೆವು. ಆ ಸುಳ್ಳು ಪುಸ್ತಕವಾಗಿ ಅವಳ ತೊಡೆಯ ಮೇಲೆ ಕೂತಿತ್ತು.

ಸಾಕಮ್ಮ ನನ್ನ ತೊಡೆ ಚಿವುಟಿದಳು. ಬಾಯಿ ಬಿಡಬೇಡ ಎಂದು.

ಮೈಸೂರು ಮುಟ್ಟಿದಾಗ ಹತ್ತು ದಾಟಿತ್ತು. ಹಾಲ್ ಎಂದರೆ ನಮ್ಮೂರಿನ ನಾಲ್ಕು ಬ್ಯಾರನ್ ಹಿಡಿಸುವಷ್ಟು ದೊಡ್ಡದು, ಒಳಗೆ ಮಾಘದ ಚಳಿ. ಎಲ್ಲರ ಮುಂದೆಯೂ ನೀರಿನ ಬಾಟ್ಲಿ. ಸಾಕಮ್ಮ ತನ್ನದನ್ನು ಕುಡಿಯದೆ ಚೀಲಕ್ಕೆ ಹಾಕಿಕೊಂಡಳು. ಶ್ವೇತಾ ಗೋಡೆಯ ಮೇಲೆ ಬಣ್ಣದ ಪಟ್ಟಿ ತೋರಿಸಿ ಚೆನ್ನಾಗಿ ಮಾತಾಡಿದಳು. ಚಪ್ಪಾಳೆ ಬಿತ್ತು. ಆಮೇಲೆ ನಡುವೆ ಕೂತಿದ್ದ ಅಧಿಕಾರಿ ನಮ್ಮ ಕಡೆ ತಿರುಗಿ, "ಅಮ್ಮಾ, ನೀವು ಇದಕ್ಕೆ ಏನಾದರೂ ಸೇರಿಸುತ್ತೀರಾ?" ಎಂದರು. ಮೈಕು ಕೈಗೆ ಬಂತು.

"ನಾವು ಸುಳ್ಳೇಳಿದ್ವಿ ಸಾಮಿ" ಎಂದೆ. ನನ್ನ ದನಿ ಗೋಡೆಯೊಳಗಿಂದ ದೊಡ್ಡದಾಗಿ ಬಂತು. ಹೆದರಿಕೆ ಆಗಲಿಲ್ಲ, ಇನ್ನೊಂದು ಸಲ ಹೇಳಬೇಕು ಅನ್ನಿಸಿತು. ಹೇಳಿದೆ. "ಎಲ್ರೂ ಸುಳ್ಳೇಳಿದ್ವಿ. ವಾಂತಿ ಆಯ್ತದೆ."

ಶ್ವೇತಾಳ ಮುಖ ಸುಣ್ಣವಾಯಿತು.

"ಯಾಕೆ ಹಾಗೆ ಹೇಳಿದಿರಿ?" ಎಂದರು ಅಧಿಕಾರಿ.

"ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ವಾಂತಿ ಮಾಡೋ ಆಳ್ನ ನೀವು ಕೆಲ್ಸಕ್ಕೆ ಕರೀತೀರಾ ಸಾಮಿ?"

"ಇದು ಒಬ್ಬರ ಮಾತು" ಎಂದು ಕೋಟು ಹಾಕಿದ್ದ ಒಬ್ಬರು ಗೊಣಗಿದರು.

ಅಷ್ಟರಲ್ಲಿ ಸಾಕಮ್ಮ ಮೈಕಿಗೆ ಬಾಯಿ ಹಾಕಿದಳು. "ನಂಗೆ ನೆನ್ನೆನೇ ಆಯ್ತು. ಎರಡ್ ಸಲ. ಈವಮ್ಮನೇ ಬೆನ್ನು ಉಜ್ಜುದ್ಲು."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಎರಡು ತಿಂಗಳು ಬಿಟ್ಟು ಮತ್ತೆ ಕೂರೋಣ. ಅಷ್ಟರಲ್ಲಿ ಇನ್ನೊಂದು ಸಲ ಕೇಳಿ ಬನ್ನಿ. ಮೇಸ್ತ್ರಿ ಇಲ್ಲದ ಕಡೆ" ಎಂದರು. ಬ್ಯಾರನ್‌ಗೂ ಇಲ್ಲ, ಕೈಗವಸಿಗೂ ಇಲ್ಲ; ದುಡ್ಡು ಅಲ್ಲೇ ನಿಂತಿತು. ಊಟಕ್ಕೆ ಪಲಾವ್, ಮೊಸರನ್ನ, ಜಾಮೂನು. ನಾನು ಮೂರು ಜಾಮೂನು ತಿಂದೆ.

ವಾಪಸು ಬಸ್ಸಿನಲ್ಲಿ ಹುಣಸೂರಿನ ತನಕ ಶ್ವೇತಾ ಆ ಪುಸ್ತಕದ ಹಾಳೆ ತಿರುವುತ್ತಲೇ ಇದ್ದಳು. ಒಂದು ವರ್ಷದ ಕೆಲಸ ಕೆಟ್ಟಿತ್ತು, ಕೆಡಿಸಿದವಳು ನಾನು. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ.

"ನಂಗ್ ಮೊದ್ಲೇ ಹೇಳ್ಬಾರ್ದಿತ್ತಾ ಅಜ್ಜಿ?" ಎಂದಳು ಕೊನೆಗೆ.

"ನೀನು ಬಂದಿದ್ದು ಮೇಸ್ತ್ರಿ ಆಟೋದಲ್ಲಿ ಕಣವ್ವ. ಅವನ ಕಡೇವ್ಳು ಅಂದ್ಕಂಡ್ವಿ."

"ನಿಮ್ಮೂರಿಗೆ ಬಸ್ಸಿಲ್ವಲ್ಲ, ಅದಕ್ಕೆ ಅದ್ರಲ್ಲಿ ಬಂದೆ."

"ಕಾಲಿತ್ತಲ್ಲ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಇವತ್ತು ನಿಮ್ಮನೇಲೇ ಮಲಗ್ತೀನಿ" ಎಂದಳು.

"ನಾಳೆಯಿಂದ ನಮ್ಮಿಬ್ರನ್ನೂ ಮೇಸ್ತ್ರಿ ಕರಿಯಕಿಲ್ಲ, ನೋಡ್ತಿರು" ಎಂದಳು ಸಾಕಮ್ಮ. ಅವಳ ಮಾತು ನಿಜವಾಯಿತು. ಆ ಹಂಗಾಮು ಪೂರ್ತಿ ನಾವು ಬೇರೆ ಊರಿನ ಶುಂಠಿ ಹೊಲಕ್ಕೆ ಹೋದೆವು.

ಮಾರನೆಯ ಬೆಳಿಗ್ಗೆ ಐದಕ್ಕೆ, ಊರಿಗೆ ಮೇಸ್ತ್ರಿಯ ಆಟೋ ಬರುವ ಮೊದಲೇ, ಆ ಹುಡುಗಿಯನ್ನು ಎಬ್ಬಿಸಿದೆ. ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಹಿಂದೆ ಬಂದಳು. ಕೆಳಗಿನ ಕೇರಿಯ ಮೊದಲನೇ ಮನೆಯ ಬಾಗಿಲು ಬಡಿದು, "ಏಯ್, ಎದ್ದು ದಿಟ ಹೇಳ್ರೇ, ಈವಮ್ಮ ನಡ್ಕಂಡ್ ಬಂದವ್ಳೆ" ಎಂದೆ.