ಬಾಲದಲ್ಲೊಂದು ಕರಿಗರಿ

ಹರಿಹರದ ಹೊಳೆದಂಡೆಯಲ್ಲಿ ಮಡಿವಾಳರ ಬೋರಣ್ಣ ಬಟ್ಟೆ ಒಗೆಯುತ್ತಿದ್ದ ಕಾಲಕ್ಕೆ, ಅವನು ಕಲ್ಲಿಗೆ ಬಡಿದ ಸದ್ದಿಗೆ ಆನಗೋಡಿನ ಎಮ್ಮೆಗಳು ಬೆದರಿ ಹಾಲು ಏರಿಸಿಕೊಳ್ಳುತ್ತಿದ್ದವು. ನಡುವೆ ಇಡೀ ದಾವಣಗೆರೆಯೇ ಇದೆಯಲ್ಲ ಎನ್ನಬಹುದು. ದಾವಣಗೆರೆಯವರಿಗೆ ಆ ಸದ್ದು ಅಭ್ಯಾಸವಾಗಿತ್ತು, ಎಮ್ಮೆಗಳಿಗೆ ಆಗಿರಲಿಲ್ಲ, ಅಷ್ಟೆ.

ಸದ್ದಿಗಿಂತ ದೊಡ್ಡದು ಅವನ ಕಣ್ಣು. ನಾಲ್ಕು ಕೇರಿಯ ಬಟ್ಟೆ ಒಂದೇ ಗಂಟಿನಲ್ಲಿ ಬಂದರೂ, ಕಾಲರಿನ ಒಳಗೆ ಕರಿಗೇರಿನ ರಸದಲ್ಲಿ ತಾನೇ ಹಾಕಿದ ಚುಕ್ಕಿ, ಗೀಟು ನೋಡಿ ಅವರವರದ್ದನ್ನು ಅವರವರಿಗೇ ಮುಟ್ಟಿಸುತ್ತಿದ್ದ. ನಲವತ್ತು ವರ್ಷದಲ್ಲಿ ಒಂದು ಕರ್ಚೀಫೂ ಅದಲುಬದಲಾಗಿಲ್ಲ ಎನ್ನುವುದೊಂದೇ ಅವನ ಆಸ್ತಿ.

ಹೋದ ವರ್ಷ ಬೆನ್ನು ಮುಷ್ಕರ ಹೂಡಿತು. ಈಗ ಒಗೆಯುವುದು ಎರಡೇ ಅಂಗಿ: ತನ್ನದು, ಗೆಳೆಯ ಹಯಾತ್ ಸಾಬ್‌ರದು. ಸಾಬ್ ಹಳೆಯ ದರ್ಜಿ. ಒಂದೇ ಥಾನಿನ ಬಿಳಿ ಬಟ್ಟೆಯಲ್ಲಿ ಇಬ್ಬರಿಗೂ ತಾವೇ ಹೊಲಿದಿದ್ದರು. ಬೆಳಿಗ್ಗೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಸಾಬ್ ಹೊಟ್ಟೆಯ ಮೇಲಿನ ಮೂರು ಗುಂಡಿ ಬಿಚ್ಚಿಕೊಂಡು, ಬೋರಣ್ಣ ತನ್ನ ದೊಗಳೆ ಅಂಗಿಯೊಳಗೆ "ವಯಸ್ಸಾತು, ಸೊರಗಿಬಿಟ್ಟೆ" ಎಂದು ಕೊರಗಿಕೊಂಡು. ಮೈ ಹಿಡಿಯಲೆಂದು ದಿನಾ ಒಂದು ಲೋಟ ಹಾಲನ್ನೂ ಹೆಚ್ಚಿಗೆ ಕುಡಿಯುತ್ತಿದ್ದ.

ನಲವತ್ತು ವರ್ಷ ಒಗೆಯುವ ಕಲ್ಲನ್ನೇ ನೋಡಿದವನು ಈಗ ತಲೆ ಎತ್ತಿದ. ಡಿಸೆಂಬರಿನ ಹೊಳೆಯ ಮೇಲೆ ಬಿಳಿ ಹಕ್ಕಿಗಳ ಹಿಂಡು ಇಳಿದಿತ್ತು. ಭಾನುವಾರ ದಾವಣಗೆರೆಯಿಂದ ದುರ್ಬೀನು ತಗುಲಿಸಿಕೊಂಡು ಬರುವ ದಿನೇಶ್ ಮೇಷ್ಟ್ರು ಹೇಳಿದರು, "ಕಡಲಹಕ್ಕಿ ಅಣ್ಣಾ. ಚಳಿಗಾಲ ಕಳಿಯಾಕ ಬಂದಾವ."

"ಕಡಲೇ ಇಲ್ಲದ ಊರಿಗೆ ಯಾಕ ಬಂದಾವ್ರಿ?"

"ಹೈವೇ ಬೋರ್ಡಿನಾಗ ಕಡಲೂರಿನ ಹೆಸರು ಓದಿ ನಂಬಿರಬೇಕು," ಎಂದರು ಹಯಾತ್ ಸಾಬ್.

ಸಾಬ್ ಎಸೆಯುವ ಮಂಡಕ್ಕಿಗೆ ಹಕ್ಕಿಗಳು ಮೂಗಿನ ಹತ್ತಿರಕ್ಕೇ ಬರುತ್ತಿದ್ದವು. ಬೋರಣ್ಣನಿಗೆ ಅವೂ ಒಗೆಯಲು ಬಂದ ಬಟ್ಟೆಗಳಂತೆ ಕಂಡವು. ಬಿಳಿ ತಲೆಯ ಪಕ್ಕದಲ್ಲಿ ಕಾಡಿಗೆ ಒರೆಸಿದಂಥ ಗುರುತು. ಒಂದಕ್ಕೆ ಚುಕ್ಕಿ, ಒಂದಕ್ಕೆ ಗೀಟು, ಒಂದಕ್ಕೆ ಚುಕ್ಕಿಯ ಕೆಳಗೆ ಗೀಟು. ಜನವರಿ ಹೊತ್ತಿಗೆ ಹಿಂಡಿನ ಮೂವತ್ತೆಂಟು ಹಕ್ಕಿಗಳನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದ. ಅವುಗಳಲ್ಲಿ ಒಂದು ಮಾತ್ರ ವಿಚಿತ್ರ. ತಲೆಯ ಪಕ್ಕ ಸಣ್ಣ ಚುಕ್ಕಿ, ಅಚ್ಚಬಿಳಿ ಬಾಲದ ನಡುವೆ ಒಂದೇ ಒಂದು ಕರಿಗರಿ.

ಮೇಷ್ಟ್ರು ದುರ್ಬೀನಿನಲ್ಲಿ ಹತ್ತು ನಿಮಿಷ ಹುಡುಕಿ ನೋಡಿ, ನೋಟುಬುಕ್ಕಿನಲ್ಲಿ ಬರೆದುಕೊಂಡರು. "ಇಂಥಾದ್ದು ನಾನು ಕಂಡೇ ಇಲ್ಲ. ವಾರಾವಾರ ಅದು ಬಂತೋ ಇಲ್ಲೋ ನೀವೇ ಹೇಳ್ಬೇಕು."

ಆ ದಿನ ಬೋರಣ್ಣನ ತಲೆ ಎಷ್ಟು ಮೇಲೇರಿತೆಂದರೆ, ಮನೆಗೆ ಹೋಗುವಾಗ ಸೇತುವೆಯ ಕೆಳಗೆ ಬಗ್ಗಿ ನಡೆಯಬೇಕಾಯಿತು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸೋಣ ಎಂದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದ ಮಗಳು ಸುನೀತಾ ವರ್ಷದಿಂದ ಕಾಡುತ್ತಿದ್ದಳು. "ಹಕ್ಕಿ ಬಾಲದ ಗರಿ ಎಣಿಸೋ ಕಣ್ಣಿಗೆ ಪೊರೆನಾ? ಹೋಗವ್ವ!" ಎಂದು ಫೋನಿಟ್ಟ.

ಮಾರ್ಚಿನ ಒಂದು ಬೆಳಿಗ್ಗೆ ಗುರುತುಗಳು ಹರಡಿಕೊಂಡಂತೆ ಕಂಡವು. ವಾರದೊಳಗೆ ಚುಕ್ಕಿಯೂ ಇಲ್ಲ, ಗೀಟೂ ಇಲ್ಲ. ಎಲ್ಲ ತಲೆಗಳೂ ಒಂದೇ ಸಮ ಕಂದು, ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ. ಕಣ್ಣುಜ್ಜಿಕೊಂಡ. ಕರಿಗರಿಯ ಬಾಲವೂ ಬಂತು. ಅದರ ಮುಂದೆಯೂ ಅದೇ ಕಂದು ತಲೆ! ಒಬ್ಬರ ಕಾಲರನ್ನು ಇನ್ನೊಬ್ಬರ ಅಂಗಿಗೆ ಹಚ್ಚಿದ ಹಾಗೆ. ನಲವತ್ತು ವರ್ಷ ಆಗದ್ದು ಕಣ್ಣೆದುರೇ ಆಗಿಹೋಗಿತ್ತು.

ಸಾಬ್‌ರನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಕಣ್ಣು ಹೋದದ್ದು ಊರಿಗೇ ಗೊತ್ತಾಗುತ್ತದೆ. ಪರೀಕ್ಷೆ ಡ್ಯೂಟಿಯಲ್ಲಿ ಸಿಕ್ಕಿಕೊಂಡ ಮೇಷ್ಟ್ರು ಫೋನಿನಲ್ಲಿ "ಬಂತೇನಣ್ಣ?" ಎಂದಾಗ, ಕಾಲಡಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಹಕ್ಕಿಯನ್ನು ನೋಡುತ್ತಲೇ "ಬಂದಿಲ್ರಿ" ಎಂದ. ಆ ರಾತ್ರಿಯೇ ಮಗಳಿಗೆ ಹೇಳಿದ, "ಕೊಯ್ಸಿಬಿಡವ್ವ."

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಹತ್ತು ದಿನ ಮಗಳ ಮನೆಯಲ್ಲಿದ್ದು, ಕರಿಕನ್ನಡಕ ಹಾಕಿಕೊಂಡು, ಭಾನುವಾರ ಅವಳ ಕೈ ಹಿಡಿದು ಮೆಟ್ಟಿಲಿಗೆ ಬಂದ. ಮೇಷ್ಟ್ರೂ ಇದ್ದರು. ಕನ್ನಡಕ ಎತ್ತಿ ನೋಡಿದ. ಬಿಳಿ ಬಾಲ, ಕರಿಗರಿ, ಕಂದು ತಲೆ.

"ಆಪರೇಷನ್ ಕೆಟ್ಟೈತೆ ಸುನೀತಾ," ಎಂದ ಸಣ್ಣ ದನಿಯಲ್ಲಿ. "ತಲೆಗಳು ಇನ್ನೂ ಹಂಗೇ ಅದಾವ."

ಮೇಷ್ಟ್ರು ನಕ್ಕರು. "ಅವುಗಳ ಬಣ್ಣಾನೇ ಅದು. ವಾಪಸ್ ಹೋಗಿ ಗೂಡು ಕಟ್ಟೋ ಕಾಲ ಬಂತಲ್ಲ, ತಲೆಗೆ ಹೊಸ ಗರಿ ಬರ್ತಾವ."

"ಅಂದ್ರ ನನ್ನ ಕಣ್ಣು ಸುಳ್ಳು ಹೇಳಿರ್ಲಿಲ್ಲ!" ಬೋರಣ್ಣ ಮೆಟ್ಟಿಲ ಮೇಲೆ ಎದ್ದು ನಿಂತ. "ಸುಮ್ನೆ ಕೊಯ್ಸಿದ್ಯಲ್ಲವ್ವ! ನಲವತ್ತು ವರ್ಷ ಒಂದು ಕರ್ಚೀಫೂ..."

ಎರಡು ಮೆಟ್ಟಿಲು ಕೆಳಗೆ ಹಯಾತ್ ಸಾಬ್ ಮಂಡಕ್ಕಿ ಎಸೆಯಲು ಬಗ್ಗಿದ್ದರು. ಅವರ ಕಾಲರಿನ ಒಳಗೆ ಎರಡು ಚುಕ್ಕಿ, ಒಂದು ಗೀಟು. ಅದು ಬೋರಣ್ಣನ ಸ್ವಂತ ಗುರುತು. ತನ್ನ ಅಂಗಿ ಬಿಚ್ಚಿ ಕಾಲರು ಮಗುಚಿದ. ಸಾಲಾಗಿ ಮೂರು ಚುಕ್ಕಿ. ಅದು ಸಾಬ್‌ರದು.

"ಯಾವಾಗಿಂದ ಸಾಬ್ರೆ?"

"ಹೋದ ಬಕ್ರೀದಿಂದ."

"ನಿಮಗ ಗೊತ್ತಿತ್ತಾ?"

"ಹೊಲಿದೋನು ನಾನಲ್ಲೇನೋ! ಒಂಬತ್ತು ತಿಂಗಳಿಂದ ಗುಂಡಿ ಕೂಡ್ತಿಲ್ಲ, ಬಗ್ಗಿದ್ರೆ ಉಸಿರಿಲ್ಲ."

"ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ನಲವತ್ತು ವರ್ಷದ ಬಟ್ಟೆ ಎಲ್ಲಾ ಮತ್ತೆ ಎಣಿಸಾಕ ಕೂಡ್ತಿದ್ದೆ. ಪಕ್ಕದಲ್ಲಿ ಕೂರೋಕೆ ನನಗೆ ಅಷ್ಟು ಆಯಸ್ಸು ಎಲ್ಲೈತೆ?"

ಬೋರಣ್ಣ ಆ ಮೂರು ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಅಂಗಿ ಮುಂದೆ ಚಾಚಿದ. "ಬಿಚ್ಚಿ ಕೊಡ್ರಿ ನಂದು." ಸುನೀತಾ ನಗು ತಡೆಯಲಾರದೆ ಹೊಳೆಯ ಕಡೆ ತಿರುಗಿ ನಿಂತಳು.

"ಮೇಷ್ಟ್ರೇ, ಬರಕೊಳ್ರಿ," ಎಂದ ಬೋರಣ್ಣ, ಬರಿಮೈಯಲ್ಲೇ. "ಕರಿಗರಿ ಬಂದೈತೆ. ಅವತ್ತೂ ಬಂದಿತ್ತು. ನಾನೇ ಇಲ್ಲ ಅಂದಿದ್ದೆ."

ಅಷ್ಟರಲ್ಲಿ ಹಯಾತ್ ಸಾಬ್ ತಮ್ಮ ಅಂಗಿ ತೊಟ್ಟು ಆರೂ ಗುಂಡಿ ಹಾಕಿಕೊಂಡು, ಒಂಬತ್ತು ತಿಂಗಳಿಂದ ಹಿಡಿದಿಟ್ಟ ಉಸಿರನ್ನು ಒಂದೇ ಸಲ ಬಿಟ್ಟರು. ಆ ಗಾಳಿಗೆ ಹೊಳೆಯ ಮೇಲಿದ್ದ ಹಕ್ಕಿಗಳೆಲ್ಲ ಎದ್ದುಬಿಟ್ಟವು. ಬೋರಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ಬಾಲಗಳನ್ನು ಎಣಿಸತೊಡಗಿದ.